ಏಳು ಮಂದಿಯ ಆಟಕ್ಕೆ ಒಬ್ಬನ ಹೆಸರು ಸಾಲದು

ಹರಾಜಿನಲ್ಲಿ ಎಲ್ಲರಿಗಿಂತ ದೊಡ್ಡ ಹೆಸರು ಕೊಂಡ ತಂಡದ ಫೋಟೊ ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ಕಪ್ ಮಾತ್ರ ಎಷ್ಟೋ ಸಲ ಬೇರೆಯವರ ಕೈಗೆ ಹೋಗುತ್ತದೆ. ಪ್ರೊ ಕಬಡ್ಡಿಯ ಹತ್ತು ವರ್ಷಗಳ ಲೆಕ್ಕ ಹೇಳುವುದು ಇದನ್ನೇ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದಲ್ಲಿ ತಂಡ ಕಟ್ಟುವ, ಪಂದ್ಯಾವಳಿ ನಡೆಸುವ ಯುವಕರು ಈ ಲೆಕ್ಕವನ್ನು ಒಮ್ಮೆ ನೋಡಬೇಕು ಎಂದು ಕೇಳಿಕೊಳ್ಳುತ್ತೇನೆ.

ನಮ್ಮ ಬೆಂಗಳೂರು ಬುಲ್ಸ್‌ನಿಂದಲೇ ಶುರು ಮಾಡೋಣ. 2018ರ ಹರಾಜಿನಲ್ಲಿ ಹರಿಯಾಣ ಸ್ಟೀಲರ್ಸ್ ತಂಡ ಮೋನು ಗೋಯತ್ ಅವರಿಗೆ 1.51 ಕೋಟಿ ರೂಪಾಯಿ ಕೊಟ್ಟಿತು. ಅದರ ಸುಮಾರು ಮೂರನೇ ಒಂದು ಪಾಲು, 52.8 ಲಕ್ಷ ಕೊಟ್ಟು ಬುಲ್ಸ್ ಪವನ್ ಸೆಹ್ರಾವತ್ ಅವರನ್ನು ಕರೆತಂದಿತು. 2019ರ ಜನವರಿ 5ರ ಫೈನಲ್‌ನಲ್ಲಿ ಪವನ್ 22 ಅಂಕ ತಂದರು. ಗುಜರಾತ್ ತಂಡವನ್ನು 38–33ರಿಂದ ಸೋಲಿಸಿ ಬುಲ್ಸ್ ಮೊದಲ ಸಲ ಕಪ್ ಎತ್ತಿತು.

ಅದೇ ಪವನ್ ಅವರ ಬೆಲೆ ಏರಿದ ಮೇಲಿನ ಕಥೆ ಬೇರೆ. 2022ರಲ್ಲಿ ತಮಿಳ್ ತಲೈವಾಸ್ ಅವರಿಗೆ 2.26 ಕೋಟಿ ಕೊಟ್ಟಿತು. ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟಾಗಿ ಅವರು ಇಡೀ ಟೂರ್ನಿಯಿಂದ ಹೊರಬಿದ್ದರು. ಆದರೂ ತಲೈವಾಸ್ ಮೊದಲ ಬಾರಿಗೆ ಸೆಮಿಫೈನಲ್ ತಲುಪಿತು. ನರೇಂದರ್ ಎಂಬ ಹೊಸ ಹುಡುಗ ಭುಜ ಕೊಟ್ಟಿದ್ದ.

ಇನ್ನೂ ದೊಡ್ಡ ಪಾಠ 2023ರದು. ತಂಡವೊಂದರ ಕೈಯಲ್ಲಿದ್ದ ಹಣ 5 ಕೋಟಿ. ತೆಲುಗು ಟೈಟಾನ್ಸ್ ಅದರಲ್ಲಿ ಅರ್ಧಕ್ಕಿಂತ ಹೆಚ್ಚು, 2.605 ಕೋಟಿಯನ್ನು ಪವನ್ ಅವರೊಬ್ಬರ ಮೇಲೇ ಹಾಕಿತು. ಪುಣೇರಿ ಪಲ್ಟನ್ ಇರಾನಿನ ಮೊಹಮ್ಮದ್‌ರೆಝಾ ಶಾದ್ಲೂಯಿ ಅವರಿಗೆ 2.35 ಕೋಟಿ ಕೊಟ್ಟಿತು. ಖರ್ಚು ಹೆಚ್ಚುಕಡಿಮೆ ಸಮ. ಫಲ ಮಾತ್ರ ಅಜಗಜಾಂತರ: ಟೈಟಾನ್ಸ್ 22 ಪಂದ್ಯಗಳಲ್ಲಿ ಎರಡನ್ನಷ್ಟೇ ಗೆದ್ದು ಕೊನೆಯ ಸ್ಥಾನಕ್ಕೆ ಇಳಿಯಿತು, ಪುಣೆ ಚಾಂಪಿಯನ್ ಆಯಿತು.

ವ್ಯತ್ಯಾಸ ಇದ್ದದ್ದು ಹರಾಜಿಗಿಂತ ಮುಂಚಿನ ಕೆಲಸದಲ್ಲಿ. ಅಸ್ಲಂ ಇನಾಂದಾರ್, ಆಕಾಶ್ ಶಿಂದೆ, ಪಂಕಜ್ ಮೋಹಿತೆ ಅವರಂಥ ಎಳೆಯರನ್ನು ಪುಣೆ ಮೊದಲೇ ಬೆಳೆಸಿಟ್ಟುಕೊಂಡಿತ್ತು. ಅವರನ್ನು ಒಗ್ಗೂಡಿಸಿ ಆಡಿಸಿದ ಕೋಚ್ ನಮ್ಮ ಕರ್ನಾಟಕದ ಬಿ.ಸಿ. ರಮೇಶ್. ಪಾಯ, ಗೋಡೆ ಎದ್ದ ಮೇಲೆ ಕಳಸ ಇಟ್ಟರು, ಅದು ನಿಂತಿತು. 2025ರಲ್ಲಿ ರಮೇಶ್ ಬುಲ್ಸ್‌ಗೆ ಬಂದರು. ಹಿಂದಿನ ಸಲ ತಳ ಕಂಡಿದ್ದ ತಂಡ ಪ್ಲೇಆಫ್ ತಲುಪಿತು.

ಆಟದ ಒಳಗೇ ಇದಕ್ಕೆ ಕಾರಣವಿದೆ. ಎಂಥ ರೈಡರ್ ಆದರೂ ಔಟಾದ ಕೂಡಲೇ ಹೊರಗೆ ಕೂರಬೇಕು. ಜೊತೆಗಾರರು ಎದುರಾಳಿಯನ್ನು ಔಟ್ ಮಾಡಬೇಕು, ಇಲ್ಲವೇ ತಂಡವೇ ಆಲೌಟ್ ಆಗಬೇಕು, ಆಗಲೇ ಅವನಿಗೆ ಮತ್ತೆ ಅಂಗಳ. ಎರಡನೇ, ಮೂರನೇ ರೈಡರ್ ಕಚ್ಚಾ ಆಗಿದ್ದರೆ, ಕಾರ್ನರ್ ಮತ್ತು ಕವರ್ ಆಟಗಾರರಿಗೆ ಹೊಂದಾಣಿಕೆ ಇಲ್ಲದಿದ್ದರೆ, ಕೋಟಿ ಬೆಲೆಯವನು ಬೆಂಚಿನ ಮೇಲೆ ಕುಳಿತು ತಂಡ ಆಲೌಟ್ ಆಗುವುದನ್ನು ನೋಡಬೇಕಾಗುತ್ತದೆ.

ಒಬ್ಬ ದೊಡ್ಡ ಆಟಗಾರನೋ, ಹಲವರೋ ಎಂಬ ಪ್ರಶ್ನೆ ಅಮೆರಿಕದ ಫುಟ್‌ಬಾಲ್‌ನಲ್ಲೂ ಹಳೆಯದು. ಅಲ್ಲಿ ಹರಾಜಿಲ್ಲ, ಡ್ರಾಫ್ಟ್ ಇದೆ. ಹಿಂದಿನ ವರ್ಷ ಕೊನೆಯಲ್ಲಿದ್ದ ತಂಡಕ್ಕೆ ಹೊಸ ಆಟಗಾರರಲ್ಲಿ ಮೊದಲ ಆಯ್ಕೆ. ಆ ಸರದಿಯನ್ನು ಬೇರೆ ತಂಡಕ್ಕೆ ಬಿಟ್ಟುಕೊಟ್ಟು ಬದಲಿಗೆ ಹಲವು ಆಯ್ಕೆಗಳನ್ನು ಪಡೆಯಲೂಬಹುದು. 2023ರಲ್ಲಿ ಶಿಕಾಗೊ ತಂಡ ಹಾಗೆಯೇ ಮಾಡಿತು. ಮೊದಲ ಆಯ್ಕೆಯನ್ನು ಕೆರೊಲಿನಾಕ್ಕೆ ಕೊಟ್ಟು, ನುರಿತ ಒಬ್ಬ ಆಟಗಾರನನ್ನೂ ಮುಂದಿನ ವರ್ಷದ್ದೂ ಸೇರಿ ನಾಲ್ಕು ಆಯ್ಕೆಗಳನ್ನೂ ಪಡೆಯಿತು. ಕೆರೊಲಿನಾ ಆ ವರ್ಷ 17ರಲ್ಲಿ ಎರಡೇ ಪಂದ್ಯ ಗೆದ್ದಿತು. ಹೀಗಾಗಿ 2024ರ ಮೊದಲ ಆಯ್ಕೆಯೂ ಶಿಕಾಗೊ ಪಾಲಾಯಿತು. 2017ರಲ್ಲಿ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಮತ್ತು ಕೇಡ್ ಮ್ಯಾಸಿ ಈ ಡ್ರಾಫ್ಟ್‌ಗಳನ್ನು ಅಳೆದು ನೋಡಿ, ತಂಡಗಳು ಮೊದಲ ಆಯ್ಕೆಗಳಿಗೆ ಅತಿಯಾದ ಬೆಲೆ ಕಟ್ಟುತ್ತವೆ ಎಂದು ತೋರಿಸಿದ್ದಾರೆ.

ಒಬ್ಬನೇ ಪಂದ್ಯ ಗೆಲ್ಲಿಸಲಾರನೇ ಎಂದು ಕೇಳುವವರಿದ್ದಾರೆ. ಗೆಲ್ಲಿಸಬಲ್ಲ. ಪರ್ದೀಪ್ ನರ್ವಾಲ್ ಇದ್ದಾಗ ಪಟ್ನಾ ಸತತ ಮೂರು ಕಪ್ ಗೆದ್ದಿತು. ಆದರೆ ಪಟ್ನಾ ಅವರನ್ನು ತಂದದ್ದು ಅವರು ದೊಡ್ಡ ಹೆಸರಾಗುವ ಮುಂಚೆ. 2021ರಲ್ಲಿ ಅವರಿಗೆ 1.65 ಕೋಟಿ ಕೊಟ್ಟ ಯುಪಿ ಯೋಧಾ ಕಪ್ ಕಾಣಲಿಲ್ಲ. ಅವರನ್ನು ಬಿಟ್ಟುಕೊಟ್ಟ ಪಟ್ನಾ ಅದೇ ಸಲ ಫೈನಲ್ ಆಡಿ ಒಂದೇ ಅಂಕದಿಂದ ಸೋತಿತು.

ಈಗ ನಮ್ಮ ಊರಿಗೆ ಬರೋಣ. ಜಾತ್ರೆ, ಹಬ್ಬದ ಹೊನಲು ಬೆಳಕಿನ ಪಂದ್ಯಾವಳಿಗೆ ಹೊರಗಿನಿಂದ ಒಬ್ಬ ಹೆಸರಾಂತ ರೈಡರ್‌ನನ್ನು ಕರೆಸುವ ಆಸೆ ಸಹಜ. ಜನ ಸೇರುತ್ತಾರೆ, ಸೀಟಿ ಬೀಳುತ್ತದೆ. ಮರುದಿನ ಆತ ತನ್ನೂರಿಗೆ ಹೋಗುತ್ತಾನೆ. ವರ್ಷವಿಡೀ ಮಣ್ಣಿನಲ್ಲಿ ಬಿದ್ದು ಎದ್ದ ನಮ್ಮ ಹುಡುಗ ಬೆಂಚಿನಲ್ಲೇ ಉಳಿಯುತ್ತಾನೆ. ಮಣ್ಣಿನಲ್ಲೇ ಕಲಿತವನಿಗೆ ಮುಂದೆ ದೊಡ್ಡ ಪಂದ್ಯಗಳ ಮ್ಯಾಟ್ ಮೇಲೆ ಕಾಲಿಗೆ ಹಿಡಿತ ಸಿಗುವುದು ಕಷ್ಟ. ಅವನು ಆಯ್ಕೆಯಾಗುವುದೂ ಕಷ್ಟ.

ಕುಸ್ತಿಯ ನಾಡಾದ ನಮಗೆ ಬೇರೆ ದಾರಿಯೂ ಗೊತ್ತು. ತಾಲೀಮಿನ ವಸ್ತಾದರು ಊರ ಹುಡುಗರನ್ನೆಲ್ಲ ಕೆಮ್ಮಣ್ಣಿಗೆ ಇಳಿಸಿದರು, ಅವರಲ್ಲಿ ಪೈಲ್ವಾನರು ಎದ್ದು ಬಂದರು. ನಿಪ್ಪಾಣಿಯ ಪಕ್ಕದ ಕೊಲ್ಹಾಪುರದಲ್ಲಿ ಫುಟ್‌ಬಾಲ್ ತಂಡಗಳು ಇಂದಿಗೂ ಪಾಟಾಕಡೀಲ್ ತಾಲೀಮ್, ದಿಲ್‌ಬಹಾರ್ ತಾಲೀಮ್ ಎಂದೇ ಓಣಿಯ ತಾಲೀಮಿನ ಹೆಸರಿನಲ್ಲಿ ಆಡುತ್ತವೆ.

ಆದ್ದರಿಂದ ಐದೂ ತಾಲ್ಲೂಕುಗಳ ಪಂದ್ಯಾವಳಿ ಸಮಿತಿಗಳ ಮುಂದೆ ಮೂರು ಬೇಡಿಕೆ ಇಡುತ್ತೇನೆ. ಅಂಗಳಕ್ಕಿಳಿಯುವ ಏಳರಲ್ಲಿ ಐವರಾದರೂ ಅದೇ ತಾಲ್ಲೂಕಿನವರಿರಬೇಕೆಂದು ನಿಯಮ ಮಾಡಿ. ಒಬ್ಬ ಅತಿಥಿ ಆಟಗಾರನಿಗೆ ಕೊಡುವ ಹಣವನ್ನು ಎರಡು ಮೂರು ಊರು ಕೂಡಿಸಿ, ಎಲ್ಲರೂ ಬಳಸುವ ಒಂದು ಮ್ಯಾಟ್ ತನ್ನಿ. ಬಹುಮಾನದಲ್ಲಿ ಒಂದು ಪಾಲನ್ನು ಹದಿನೆಂಟರೊಳಗಿನ ಹುಡುಗ ಹುಡುಗಿಯರ ತರಬೇತಿಗೆ, ಗಾಯಾಳುಗಳ ಚಿಕಿತ್ಸೆಗೆ ತೆಗೆದಿಡಿ. ಇಷ್ಟಾದ ಮೇಲೆ ಹಣ ಉಳಿದರೆ ದೊಡ್ಡ ಹೆಸರನ್ನು ಧಾರಾಳವಾಗಿ ಕರೆಸಿ. ಆಗ ಆತನ ಪಕ್ಕದಲ್ಲಿ ಆಡಿ ಕಲಿಯುವವರು ನಮ್ಮ ಮಕ್ಕಳೇ ಆಗಿರುತ್ತಾರೆ.