ಸೆರೆಮನೆಯಿಂದ ಮರಳಿದವನಿಗೂ ದಾಸೋಹ

ಶರಣ ಉರಿಲಿಂಗಪೆದ್ದಿಗಳು ಮೊದಲು ಕಳ್ಳರಾಗಿದ್ದರೆಂಬುದು ಪರಂಪರೆಯ ಮಾತು. ಅಂಥವರನ್ನು ಗುರು ಉರಿಲಿಂಗದೇವರು ಶಿಷ್ಯರನ್ನಾಗಿ ಸ್ವೀಕರಿಸಿದರು. ಮುಂದೆ ಮಠದ ಪೀಠವೂ ಅವರದಾಯಿತು. ಪುರಾಣದಲ್ಲಿ ಇದನ್ನು ಕೇಳಿ ತಲೆದೂಗುವ ನಾವು, ಕಲಬುರಗಿ ಕಾರಾಗೃಹದಿಂದ ಶಿಕ್ಷೆ ಮುಗಿಸಿ ಬಂದವನಿಗೆ ಕಟ್ಟೆಯ ಮೇಲೆ ಜಾಗ ಬಿಡುವುದಿಲ್ಲ. ಅವನಿಗೆ ಕೂಲಿ ಸಿಗದು, ಮಗಳಿಗೆ ವರ ಸಿಗದು. ಶಿಕ್ಷೆ ವಿಧಿಸಿದ್ದು ನ್ಯಾಯಾಲಯ. ಮುಗಿದ ಮೇಲೂ ಅದನ್ನು ಮುಂದುವರಿಸುವ ಅಧಿಕಾರ ನಮಗೆ ಕೊಟ್ಟವರಾರು?

ಜಾಮೀನು, ದಂಡ ಕಟ್ಟಲಾಗದ ಬಡ ಕೈದಿಗಳಿಗೆ ಕೇಂದ್ರ ಸರ್ಕಾರ 2023ರಲ್ಲಿ ಯೋಜನೆ ತಂದಿತು. ಆ ಹಣ ಜೈಲಿನ ಬಾಗಿಲು ತೆರೆಸುತ್ತದೆ, ಮನೆಯ ಒಲೆ ಹೊತ್ತಿಸುವುದಿಲ್ಲ.

ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಮಠಗಳು ಜಾತ್ರೆಯ ಕಾಣಿಕೆಯಲ್ಲಿ ಇಂಥವರಿಗೊಂದು ಪಾಲು ತೆಗೆದಿಡಲಿ. (ಮದ್ದು ಸುಡುವ ದುಡ್ಡಿನಲ್ಲಿ ಅರ್ಧವಾದರೂ ಸಾಕು.) ನಗದು ಬೇಡ, ಮೂರು ತಿಂಗಳ ಜೋಳ, ಕಸುಬಿನ ಸಲಕರಣೆ, ಇಲ್ಲವೆ ಎರಡು ಕುರಿ. ಲೆಕ್ಕ ಊರ ಹಿರಿಯರ ಬಳಿ ಇರಲಿ. ನಾರಾಯಣಪುರ ಎಡದಂಡೆ ಕಾಲುವೆಯ ನೀರುಂಡು ಭತ್ತ ಬೆಳೆಯುವವರು ಆಳಿಲ್ಲವೆಂದು ಗೊಣಗುವ ಬದಲು ಅವನನ್ನು ನಾಟಿಗೆ ಕರೆಯಲಿ.

ಆದರೆ ಅವನಿಂದ ನೊಂದ ಮನೆ ಅದೇ ಓಣಿಯಲ್ಲಿದ್ದರೆ, ಹಿರಿಯರು ಮೊದಲು ಆ ಹೊಸ್ತಿಲಿಗೆ ಹೋಗಿ ಮಾತಾಡಿ ಬರಬೇಕು. ಅವರು ಒಪ್ಪದಿದ್ದರೆ ಇವನಿಗೆ ಪಕ್ಕದೂರಿನಲ್ಲಿ ಕೆಲಸ ನೋಡಬೇಕು.