ಫ್ಲಶ್ ಟ್ಯಾಂಕಿನ ಮುಚ್ಚಳ ತೆಗೆಯೋಕೆ ಏನು ಮುಜುಗರ?

ಅಡುಗೆಮನೆ ನಲ್ಲಿ ತೊಟ್ಟಿಕ್ಕಿದರೆ ನಮ್ಮ ಮನೆಗಳಲ್ಲಿ ಯಾರೂ ಸುಮ್ಮನಿರೋಲ್ಲ. "ನಲ್ಲಿ ಸರಿಯಾಗಿ ನಿಲ್ಲಿಸ್ರೋ" ಅಂತ ಒಳಗಿಂದ ಯಾರಾದ್ರೂ ಕೂಗೇ ಕೂಗ್ತಾರೆ. ಅದೇ, ಫ್ಲಶ್ ಮಾಡಿ ಅರ್ಧ ಗಂಟೆ ಆದ್ರೂ ಟಾಯ್ಲೆಟ್ಟಿನಲ್ಲಿ ನೀರು ಸುರ್ ಅಂತ ಹರೀತಾನೇ ಇದ್ರೆ? ಬಾಗಿಲು ಹಾಕ್ಕೊಂಡು ಬಂದುಬಿಡ್ತೀವಿ. ಸದ್ದು ಕೇಳಿಸಲ್ಲ, ಸಮಸ್ಯೆ ಮುಗೀತು!

ಸುಮ್ನೆ ಒಂದು ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ ೧೦೦ ಮಿಲಿಲೀಟರ್, ಅಂದ್ರೆ ಒಂದು ಸಣ್ಣ ಕಾಫಿ ಲೋಟದಷ್ಟು ಸೋರಿದ್ರೆ ದಿನಕ್ಕೆ ೧೪೪ ಲೀಟರ್. ನಗರದಲ್ಲಿ ಒಬ್ಬರಿಗೆ ಸ್ನಾನ, ಅಡುಗೆ, ಬಟ್ಟೆ, ಪಾತ್ರೆ ಎಲ್ಲ ಸೇರಿ ದಿನಕ್ಕೆ ೧೩೫ ಲೀಟರ್ ಅನ್ನೋದು ನಮ್ಮ ದೇಶದಲ್ಲಿ ನೀರು ಸರಬರಾಜಿಗೆ ಇಟ್ಟುಕೊಂಡಿರೋ ಅಳತೆ. ಅಂದ್ರೆ ಮನೇಲಿ ಕಣ್ಣಿಗೆ ಕಾಣದ ಇನ್ನೊಬ್ಬ ಸೇರ್ಕೊಂಡ ಹಾಗಾಯ್ತು. ಅವನು ಸ್ನಾನ ಮಾಡಲ್ಲ, ಊಟ ಮಾಡಲ್ಲ, ನೀರು ಮಾತ್ರ ಎಲ್ಲರಿಗಿಂತ ಜಾಸ್ತಿ ಖರ್ಚು ಮಾಡ್ತಾನೆ.

ಬೆಂಗಳೂರಿಗೆ ಕಾವೇರಿ ನೀರು ಸುಮ್ನೆ ಹರಿದು ಬರಲ್ಲ. ಸುಮಾರು ೧೦೦ ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಹಂತ ಹಂತವಾಗಿ ಪಂಪ್ ಮಾಡಿ ಸುಮಾರು ೫೦೦ ಮೀಟರ್ ಮೇಲಕ್ಕೆ ಎತ್ತಬೇಕು. ೨೦೨೪ರ ಬೇಸಿಗೆಯಲ್ಲಿ ಬೋರ್‌ವೆಲ್ಲುಗಳು ಬತ್ತಿದಾಗ, ಕುಡಿಯೋ ನೀರಲ್ಲಿ ಕಾರು ತೊಳೆದ್ರೆ ೫೦೦೦ ರೂಪಾಯಿ ದಂಡ ಅಂತ ಜಲಮಂಡಳಿ ಹೇಳ್ತು. ಒಳ್ಳೇದೇ. ಆದ್ರೆ ಕಾರು ತೊಳೆಯೋದು ಬೀದಿಗೆಲ್ಲ ಕಾಣುತ್ತೆ. ಫ್ಲಶ್ ಸೋರೋದು ಯಾರಿಗೆ ಕಾಣುತ್ತೆ? ನೀರಿನ ಬಿಲ್ಲನ್ನ ಎಲ್ಲ ಫ್ಲ್ಯಾಟುಗಳಿಗೂ ಸಮನಾಗಿ ಹಂಚೋ ಅಪಾರ್ಟ್‌ಮೆಂಟಲ್ಲಂತೂ ಸೋರುತ್ತಿರೋ ಮನೆಯವರಿಗೇ ಅದು ಗೊತ್ತಾಗಲ್ಲ.

ನನ್ನ ಪ್ರಕಾರ ಇದಕ್ಕೆ ಕಾರಣ ಸೋಮಾರಿತನ ಒಂದೇ ಅಲ್ಲ, ಮೈಲಿಗೆ. ಟಾಯ್ಲೆಟ್ಟಿನ ಕೆಲಸ ಅಂದ್ರೆ ಅದು ನಮ್ಮದಲ್ಲ, ಇನ್ಯಾರದೋ. ಆ 'ಇನ್ಯಾರೋ' ಯಾರು ಅಂತ ಬಿಡಿಸಿ ಹೇಳಬೇಕಾಗಿಲ್ಲ ತಾನೆ? ನಿಜ ಹೇಳಬೇಕಂದ್ರೆ, ಟ್ಯಾಂಕಿನೊಳಗೆ ಗಲೀಜು ಇರೋದೇ ಇಲ್ಲ. ಬಹಳಷ್ಟು ಮನೆಗಳಲ್ಲಿ ಅಡುಗೆಮನೆ ನಲ್ಲಿಗೆ ಬರೋ ನೀರೇ ಅದರಲ್ಲೂ ಇರೋದು.

ಕೆಲಸವೂ ಅಂಥಾ ಬ್ರಹ್ಮವಿದ್ಯೆ ಏನಲ್ಲ. ಮುಚ್ಚಳ ತೆಗೀರಿ. ಒಳಗೆ ನಿಂತಿರೋ ಓವರ್‌ಫ್ಲೋ ಕೊಳವೆಯ ಬಾಯಿಯೊಳಕ್ಕೆ ನೀರು ಬೀಳ್ತಿದ್ರೆ, ತೇಲುಬುರುಡೆ ಮೇಲಾಗಿದೆ ಅಂತ ಅರ್ಥ. ಅದರ ಸ್ಕ್ರೂ ತಿರುಗಿಸಿ, ನೀರು ಕೊಳವೆಯ ಬಾಯಿಂದ ಒಂದು ಇಂಚು ಕೆಳಗೇ ನಿಲ್ಲೋ ಹಾಗೆ ಮಾಡಿ. ಆಗಲೂ ನಿಲ್ಲದಿದ್ರೆ ನೀರು ಒಳಗೆ ಬಿಡೋ ವಾಲ್ವಿನ ವಾಷರ್ ಸವೆದಿರಬೇಕು.

ನೀರು ಕೊಳವೆಯ ಬಾಯಿಗಿಂತ ಕೆಳಗಿದ್ರೂ ಸೋರ್ತಾ ಇದ್ದರೆ ತಪ್ಪು ತಳದ ರಬ್ಬರ್ ವಾಷರಿನದು. ಅನುಮಾನ ಇದ್ರೆ ಕೇಸರಿಬಾತಿಗೆ ಹಾಕೋ ಬಣ್ಣ ಒಂದು ಚಿಟಿಕೆ ಟ್ಯಾಂಕಿಗೆ ಹಾಕಿ, ಇಪ್ಪತ್ತು ನಿಮಿಷ ಯಾರೂ ಫ್ಲಶ್ ಮಾಡಬೇಡಿ. ಕೆಳಗೆ ಬಣ್ಣ ಕಾಣಿಸಿದ್ರೆ ಕಳ್ಳ ಸಿಕ್ಕ! ಗೋಡೆಯ ಹತ್ತಿರದ ಆಂಗಲ್ ಕಾಕ್ ಮುಚ್ಚಿ, ಟ್ಯಾಂಕು ಖಾಲಿ ಮಾಡಿ, ವಾಷರ್ ತೆಗೆದು ನೋಡಿ. ಬೋರ್‌ವೆಲ್ಲಿನ ಗಡಸು ನೀರಾದ್ರೆ ಬಿಳಿ ಪದರ ಕಟ್ಟಿರುತ್ತೆ, ಉಜ್ಜಿ ತೊಳೆದ್ರೆ ಸಾಕಾಗಬಹುದು. ರಬ್ಬರ್ ಗಟ್ಟಿಯಾಗಿದ್ರೆ ಅಥವಾ ಬೆರಳಿಗೆ ಕಪ್ಪು ಹತ್ತಿದ್ರೆ, ಅದನ್ನೇ ಹಾರ್ಡ್‌ವೇರ್ ಅಂಗಡಿಗೆ ತಗೊಂಡು ಹೋಗಿ ಅದೇ ಅಳತೆಯದು ತನ್ನಿ. ಗೋಡೆಯೊಳಗೆ ಕೂರಿಸಿರೋ ಟ್ಯಾಂಕಾದ್ರೆ ಪ್ಲಂಬರನ್ನ ಕರೀರಿ. "ಪೂರ್ತಿ ಸೆಟ್ಟೇ ಬದಲಾಯಿಸಬೇಕು ಸಾರ್" ಅಂದ್ರೆ, ಮೊದಲು ವಾಷರ್ ನೋಡಪ್ಪಾ ಅನ್ನಿ.

ಅಪಾರ್ಟ್‌ಮೆಂಟಿನ ಸಂಘಗಳು ಗಣೇಶನ ಹಬ್ಬಕ್ಕೆ ಚಂದಾ ಎತ್ತೋಕೆ ಮನೆಮನೆಗೂ ಬರ್ತಾವಲ್ಲ, ಹಾಗೇ ವರ್ಷಕ್ಕೊಂದು ಸಲ ಆ ಬಣ್ಣದ ಡಬ್ಬಿ ಹಿಡ್ಕೊಂಡೂ ಬರಲಿ. ಕಾವೇರಿಗಾಗಿ ಬೀದಿಗಿಳಿದು ಕೂಗೋ ನಾವು, ಮನೆಯೊಳಗೇ ಚರಂಡಿ ಸೇರ್ತಿರೋ ಕಾವೇರಿಗಾಗಿ ಒಂದು ಮುಚ್ಚಳ ಎತ್ತಲಾರೆವಾ?