‘ಮೂವತ್ತೆರಡು’ ಎಂದರೆ ಯಾವುದು?

2019ರ ಡಿಸೆಂಬರ್‌ನಲ್ಲಿ ತಿದ್ದುಪಡಿಯಾದ ಶಸ್ತ್ರಾಸ್ತ್ರ ಕಾಯ್ದೆಯು ಒಬ್ಬ ಪರವಾನಗಿದಾರ ಹೊಂದಬಹುದಾದ ಬಂದೂಕುಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ವಂಶಪಾರಂಪರ್ಯವಾಗಿ ಬಂದ ಆಯುಧಗಳಿಗೂ ಇದೇ ಮಿತಿ. ಎಣಿಕೆಯ ಬಗ್ಗೆ ಸಾಕಷ್ಟು ಚರ್ಚೆಯಾಯಿತು. ಮನೆಯಲ್ಲಿ ಉಳಿದ ಆಯುಧಕ್ಕೆ ಯಾವ ಗುಂಡು ಸಲ್ಲುತ್ತದೆ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಎತ್ತಲಿಲ್ಲ.

ನಮ್ಮಲ್ಲಿ ನಾಗರಿಕರ ಕೈಯಲ್ಲಿರುವ ಕಿರು ಆಯುಧಗಳ ಪೈಕಿ .32 ಬೋರಿನವು ಬಹುಪರಿಚಿತ. ಕಾನ್ಪುರದ ಸರ್ಕಾರಿ ಕಾರ್ಖಾನೆಯ ಹಳೆಯ ರಿವಾಲ್ವರ್, ಬ್ರಿಟಿಷರ ಕಾಲದ .38 ವೆಬ್ಲಿ ಮಾರ್ಕ್ 4ರ ಪಡಿಯಚ್ಚು. ಎರಡನ್ನೂ ನಳಿಕೆ ಬಾಗಿಸಿ ತೆರೆಯಬೇಕು; ನೋಟಕ್ಕೆ ಅಣ್ಣತಮ್ಮಂದಿರು. 2014ರಲ್ಲಿ ಬಂದ ‘ನಿರ್ಭೀಕ್’ ಕೂಡ ಇದೇ ಬಗೆಯದು. 2023ರ ‘ಪ್ರಬಲ್’ನಲ್ಲಿ ಮಾತ್ರ ಸಿಲಿಂಡರ್ ಪಕ್ಕಕ್ಕೆ ಹೊರಳುತ್ತದೆ. ಆಕಾರ ನೋಡಿ ಗುಂಡು ನಿರ್ಧರಿಸುವುದು ಸಲ್ಲದು ಎಂಬುದಕ್ಕೆ ಇಷ್ಟು ಸಾಕು.

ನಿಜವಾದ ಗೊಂದಲ ಇರುವುದು ಬೋರಿನ ಹೆಸರಿನಲ್ಲಿಯೇ. ‘ಮೂವತ್ತೆರಡು’ ಎಂದು ಕರೆಯುವ ಗುಂಡುಗಳಲ್ಲಿ ರಿವಾಲ್ವರಿನದು ಬೇರೆ, ಪಿಸ್ತೂಲಿನದು ಬೇರೆ. ರಿವಾಲ್ವರಿನ ಗುಂಡು, ಅಂದರೆ .32 ಸ್ಮಿತ್ ಅಂಡ್ ವೆಸನ್ ಲಾಂಗ್, ಸುಮಾರು 32 ಮಿ.ಮೀ. ಉದ್ದವಿದ್ದು, ಅದರ ತಳದ ಅಂಚು ಎದ್ದು ಕಾಣುತ್ತದೆ. ಪಿಸ್ತೂಲಿನ .32 ಎಸಿಪಿ ಗುಂಡು 25 ಮಿ.ಮೀ. ಮಾತ್ರ, ಅಂಚು ತುಸುವೇ ಹೊರಚಾಚಿರುತ್ತದೆ. ಆ ತುಸು ಅಂಚೇ ಅಪಾಯದ ಮೂಲ. ಅದರಿಂದಾಗಿ ಪಿಸ್ತೂಲಿನ ಗುಂಡು ಅನೇಕ .32 ರಿವಾಲ್ವರುಗಳ ಸಿಲಿಂಡರಿನಲ್ಲಿ ಕುಳಿತುಬಿಡುತ್ತದೆ, ಸಿಡಿಯಲೂಬಹುದು. ಅಮೆರಿಕದ ತಯಾರಕರ ಮಾನಕದ ಪ್ರಕಾರ ರಿವಾಲ್ವರ್ ಗುಂಡಿನ ಗರಿಷ್ಠ ಒತ್ತಡ ಚದರ ಅಂಗುಲಕ್ಕೆ 15,000 ಪೌಂಡ್, ಎಸಿಪಿಯದು 20,500. ಮೂರನೇ ಒಂದು ಭಾಗಕ್ಕಿಂತಲೂ ಹೆಚ್ಚು!

ತಯಾರಕರಿಗೆ ಈ ಅಪಾಯ ತಿಳಿಯದ್ದೇನಲ್ಲ. 1935ರಲ್ಲಿ .357 ಮ್ಯಾಗ್ನಮ್ ರೂಪಿಸಿದಾಗ ಅದರ ತೋಟೆಯನ್ನು .38 ಸ್ಪೆಷಲ್‌ಗಿಂತ ಮೂರು ಮಿ.ಮೀ.ಗೂ ಹೆಚ್ಚು ಉದ್ದ ಮಾಡಿದ್ದು ಅದು ಹಳೆಯ ರಿವಾಲ್ವರಿನೊಳಗೆ ಹೋಗಬಾರದೆಂದೇ. ಆದರೆ ಪಿಸ್ತೂಲಿಗೆಂದು ಹುಟ್ಟಿದ ಗುಂಡಿಗೆ ಅಂತಹ ತಡೆಯಿಲ್ಲ.

ವೆಬ್ಲಿ ಮಾರ್ಕ್ 6ರ ಕಥೆ ಇಲ್ಲಿ ಪ್ರಸ್ತುತ. ಎರಡನೇ ಮಹಾಯುದ್ಧದ ನಂತರ ಈ .455 ರಿವಾಲ್ವರುಗಳು ಅಮೆರಿಕದ ಪೇಟೆಗೆ ರಾಶಿಯಾಗಿ ಬಂದವು. ಅವುಗಳ ಗುಂಡು ವಿರಳವಾಗಿತ್ತು. ವ್ಯಾಪಾರಿಗಳು ಸಿಲಿಂಡರಿನ ಹಿಂಬದಿಯನ್ನು ಸವೆಸಿ, ಅಗ್ಗದ .45 ಎಸಿಪಿ ಗುಂಡು ಹಿಡಿಸುವಂತೆ ಮಾಡಿದರು. ಗುಂಡು ಹಿಡಿಸಿತು, ಹಾರಿತು. ಆದರೆ ಕಾರ್ಖಾನೆಯ .45ರ ಒತ್ತಡ ವೆಬ್ಲಿಯ ಮೂಲ ಗುಂಡಿನದನ್ನು ಬಹಳವಾಗಿ ಮೀರುತ್ತಿತ್ತು. ಮೊದಲ ಹೊಡೆತಕ್ಕೇ ಸಿಡಿಯದ ಆಯುಧ ಸುರಕ್ಷಿತವೆಂದು ಭಾವಿಸುವವರು ಇದನ್ನು ಗಮನಿಸಬೇಕು: ಬಿಜಾಗರಿ ಸಡಿಲಗೊಳ್ಳುವುದು, ಸಿಲಿಂಡರ್ ಬಿರಿಯುವುದು ನೂರನೆಯ ಹೊಡೆತಕ್ಕೂ ಆಗಬಹುದು.

ಪರವಾನಗಿಯಲ್ಲಿ ‘ರಿವಾಲ್ವರ್, .32’ ಎಂದು ಬರೆದರೆ ಕಾನೂನಿಗೆ ಸಾಕಾಗಬಹುದು. ತಂದೆಯ ಆಯುಧದೊಂದಿಗೆ ಕಪಾಟಿನಲ್ಲಿ ಸಿಕ್ಕ ಗುಂಡುಗಳನ್ನೂ ಪಡೆದ ಮಗನಿಗೆ ಅದು ಸಾಲದು. ಗುಂಡಿನ ಪೂರ್ಣ ಹೆಸರು ಅದರ ತಳದಲ್ಲಿ ಅಥವಾ ಪೆಟ್ಟಿಗೆಯ ಮೇಲೆ ಇರುತ್ತದೆ. ಆಯುಧದ್ದು ನಳಿಕೆಯ ಮೇಲೆ. ಎರಡೂ ಹೊಂದದಿದ್ದರೆ, ಅಥವಾ ಅಕ್ಷರ ಮಾಸಿದ್ದರೆ, ಪರವಾನಗಿ ಪಡೆದ ಬಂದೂಕು ದುರಸ್ತಿಗಾರ ಅಳತೆ ತೆಗೆಯುವವರೆಗೆ ಗುಂಡು ತುಂಬಬಾರದು. ನಮ್ಮ ರಾಜ್ಯದಲ್ಲಿ ಚುನಾವಣೆಗೆ ಮುನ್ನ ಆಯುಧಗಳನ್ನು ಠಾಣೆಗೆ ಒಪ್ಪಿಸುವ ಪದ್ಧತಿ ಹೇಗೂ ಇದೆ. ಗುಂಡಿನ ಪೂರ್ಣ ಹೆಸರನ್ನು ರಸೀದಿಯಲ್ಲಿ ಬರೆದುಕೊಡಲು ಹೊಸ ಕಾನೂನೇನೂ ಬೇಕಾಗಿಲ್ಲ.